ಅವ್ವ ಕೈಯಿಟ್ಟರೆ ಸುಮ್ಮನಾಗುತ್ತಿದ್ದ ಡಬ್ಬಿ

ವಿಜಾಪುರದಲ್ಲಿದ್ದ ಅಪ್ಪನ ಅಕ್ಕನಿಗೆ ಓದಲು ಬರುತ್ತಿರಲಿಲ್ಲ. ಹಾಗಾಗಿ ಅಪ್ಪ ಆಕೆಗೆ ಪತ್ರ ಬರೆಯುತ್ತಿರಲಿಲ್ಲ. ಟೇಪ್‌ರೆಕಾರ್ಡರಿನ ಮುಂದೆ ಕೂತು ಮನೆಯ ಸುದ್ದಿಯೆಲ್ಲ ಮಾತಾಡಿ, ಆ ಕ್ಯಾಸೆಟ್ಟನ್ನು ಪುಣೆಯಿಂದ ಊರಿಗೆ ಹೋಗುವವರ ಕೈಯಲ್ಲಿ ಕಳಿಸುತ್ತಿದ್ದ. ಕೊನೆಯ ಕ್ಯಾಸೆಟ್ಟು ಹೋಗುವ ಮೊದಲೇ ಅಪ್ಪ ಹೋದ. ಮೈಕಿಗೆ ದೂರ ಕೂತಿದ್ದನೋ ಏನೋ, ಅದರಲ್ಲಿ ಅವನ ದನಿ ಕೌದಿ ಹೊದ್ದುಕೊಂಡು ಮಾತಾಡಿದಂತೆ ಮಂದವಾಗಿತ್ತು. "ಏನ್ ಹೇಳ್ಯಾರೋ ಏನೋ, ಒಂದೀಟು ಬಿಡಿಸಿ ಕೇಳೂ ಹಂಗ ಮಾಡೋ," ಎಂದು ಅವ್ವ ನನಗೆ ಗಂಟುಬಿದ್ದಳು.

ನಾನು ಬಟ್ಟೆ ಅಂಗಡಿಯೊಂದರ ಗುಮಾಸ್ತ. ರೇಡಿಯೋ ಬಿಚ್ಚಿ ಕಟ್ಟುವ ಹುಚ್ಚು ಬೇರೆ. ಅದಕ್ಕಿಂತ ದೊಡ್ಡದು, ನನಗೆಲ್ಲ ಬರುತ್ತದೆ ಎಂಬ ಜಂಬ. ಮರಾಠಿ ಮಾಸಿಕವೊಂದರಲ್ಲಿ ಈಕ್ವಲೈಝರಿನ ನಕ್ಷೆ ಸಿಕ್ಕಿತು. ಐದು ಗುಂಡಿ ತಿರುಗಿಸಿ ದಪ್ಪ ದನಿ, ತೆಳು ದನಿಗಳನ್ನು ಬೇರೆ ಬೇರೆಯಾಗಿ ಏರಿಸಿ ಇಳಿಸುವ ಯಂತ್ರ ಅದು. ಬುಧವಾರ ಪೇಠೆ ಎಂಬ ಬಜಾರಿನಲ್ಲಿ ಬಿಡಿಭಾಗ ಹುಡುಕಿ ತಂದು, ಭಾನುವಾರಗಳನ್ನೆಲ್ಲ ಅದಕ್ಕೇ ಸುರಿದೆ.

ಹೊರಗಿನ ಡಬ್ಬಿ ಮಾಡಿಸಿದ್ದು ಅಪ್ಪನ ಟ್ರಂಕಿನ ಮುಚ್ಚಳದಿಂದ. ಕೆಲಸ ಹುಡುಕಿಕೊಂಡು ಪುಣೆಗೆ ಬರುವಾಗ ಅಪ್ಪ ಆ ಟ್ರಂಕಿನ ಮೇಲೆ ಬಿಳಿ ಬಣ್ಣದಲ್ಲಿ ತನ್ನ ಹೆಸರು ಬರೆದುಕೊಂಡಿದ್ದನಂತೆ. ಅರ್ಥಿಂಗ್ ತಂತಿಯ ತಿರುಪು ಸರಿಯಾಗಿ ಆ ಹೆಸರಿನ ಮೊದಲ ಅಕ್ಷರದ ಮೇಲೆಯೇ ಬಂತು. ಬಣ್ಣ ಕೆರೆದು, ತಗಡಿಗೆ ತಗಲುವಂತೆ ತಂತಿ ಬಿಗಿಯಬೇಕೆಂದು ನನಗೆ ಗೊತ್ತಿತ್ತು. ಬ್ಲೇಡು ಹಿಡಿದೆ, ಕೈ ಬರಲಿಲ್ಲ. ಇಷ್ಟಕ್ಕೆಲ್ಲ ಏನಾಗುತ್ತದೆ ಎಂದು ಬಣ್ಣದ ಮೇಲೆಯೇ ಬಿಗಿದುಬಿಟ್ಟೆ.

ಹಚ್ಚಿದ ಕೂಡಲೇ ಗುಂಯ್ ಎಂದು ಶುರುವಾಯಿತು. ನಮ್ಮದು ಹಳೆಯ ವಾಡೆಯ ಕೆಳಗಿನ ಎರಡು ಕೋಣೆ, ಮೇಲೆ ಕರಿ ಮರದ ತೊಲೆಗಳು. ಆ ಸದ್ದು ಡಬ್ಬಿಯಿಂದಲ್ಲ, ತೊಲೆಯೊಳಗಿಂದಲೇ ಬರುತ್ತಿದೆ ಎನಿಸುತ್ತಿತ್ತು. ಗುಂಡಿ ತಿರುಗಿಸಿದರೆ ಅಪ್ಪನ ದನಿ ಮೇಲೇಳಲು ನೋಡುತ್ತಿತ್ತು, ಗುಂಯ್ ಅದನ್ನು ಅದುಮುತ್ತಿತ್ತು. ಕಂಡೆನ್ಸರ್ ಬದಲಿಸಿದೆ. ತಂತಿಗಳನ್ನು ಹೆಣೆದೆ. ಟ್ರಾನ್ಸ್‌ಫಾರ್ಮರನ್ನು ಮೂಲೆಗೆ ಸರಿಸಿದೆ. ಶ್ರಾವಣವೆಲ್ಲ ಹೀಗೇ ಕಳೆಯಿತು. ತಿರುಪೊಂದನ್ನು ಬಿಟ್ಟು ಎಲ್ಲವನ್ನೂ ಮುಟ್ಟಿ ನೋಡಿದೆ.

ಒಂದು ಸಂಜೆ ನಾನು ಟೇಪು ಹಚ್ಚಿ ಕೂತಿದ್ದೆ, ಅವ್ವ ನೆಲ ಒರೆಸುತ್ತಿದ್ದಳು. ಏಳುವಾಗ ಆಸರೆಗೆಂದು ಡಬ್ಬಿಯ ಮೇಲೆ ಕೈಯಿಟ್ಟಳು. ಗುಂಯ್ ತಟ್ಟನೆ ಅಡಗಿತು. ಅಪ್ಪ ನಮ್ಮ ನಡುವೆಯೇ ಕೂತವನಂತೆ ಹೇಳಿದ: "...ಈಕಿ ಚಹಾಕ್ಕ ಸಕ್ಕರಿ ಹಾಕೂದು ಮರೀತಾಳ ನೋಡಕ್ಕಾ, ನಾ ಸುಮ್ನ ಕುಡೀತೀನಿ."

ಅವ್ವ ಕೈ ತೆಗೆದಳು. ಗುಂಯ್ ಬಂತು. ಇಟ್ಟಳು, ಹೋಯಿತು. ನಾನು ಇಟ್ಟೆ. ಏನೂ ಆಗಲಿಲ್ಲ. ಅಂಗೈ ಒತ್ತಿ ಹಿಡಿದೆ, ಎರಡೂ ಕೈ ಇಟ್ಟೆ, ಗುಂಯ್ ಎನ್ನುತ್ತಲೇ ಇತ್ತು.

"ನಿನ್ನ ಕೈಗೆ ಅದು ಬಗ್ಗಂಗಿಲ್ಲ," ಎಂದಳು ಅವ್ವ. "ಅವರಿಗೆ ನನ್ನ ಕೈ ಗುರ್ತ ಅದ."

ನನಗೆ ಹೆದರಿಕೆಯಾಯಿತು. ದೇವರು ದೆವ್ವ ಎಂದವರನ್ನು ಗೇಲಿ ಮಾಡುತ್ತಿದ್ದವನು ಆ ಸಂಜೆ ಒಬ್ಬನೇ ಆ ಕೋಣೆಗೆ ಕಾಲಿಡಲಿಲ್ಲ.

ಅಂದಿನಿಂದ ದಿನಾ ನೆಲ ಒರೆಸಿ ದೇವರ ದೀಪ ಹಚ್ಚಿದ ಮೇಲೆ ಅವ್ವ ಬಂದು ಡಬ್ಬಿಯ ಮೇಲೆ ಕೈಯಿಟ್ಟು ನಿಲ್ಲುವಳು. ಕ್ಯಾಸೆಟ್ಟು ಮುಗಿಯುವ ತನಕ ಕದಲುತ್ತಿರಲಿಲ್ಲ. ಬೆರಳುಗಳು ಸಣ್ಣಗೆ ನಡುಗುತ್ತಿದ್ದವು, ದವಡೆ ಬಿಗಿದಿರುತ್ತಿತ್ತು. ದುಃಖಕ್ಕೆ ಎಂದುಕೊಂಡೆ. ಕೂತುಕೋ ಎಂದರೆ ತಲೆಯಾಡಿಸಿ ಬೇಡ ಎನ್ನುವಳು.

ಈ ಕತೆಯನ್ನು ಹೊಟ್ಟೆಯಲ್ಲಿಟ್ಟುಕೊಳ್ಳಲಾಗದೆ ಪೇಠೆಯ ರೇಡಿಯೋ ರಿಪೇರಿಯ ಮುದುಕನಿಗೆ ಹೇಳಿದೆ. ಸ್ವಲ್ಪ ಉಪ್ಪು ಖಾರ ಹಚ್ಚಿಯೇ ಹೇಳಿದೆ. ಮುದುಕ ಕೈಯ ಕೆಲಸ ಕೆಳಗಿಡಲಿಲ್ಲ. ರಿಪೇರಿ ಮಾಡುವಾಗ ನಿನ್ನ ಕಾಲಲ್ಲಿ ಏನಿರುತ್ತದೆ ಎಂದು ಮರಾಠಿಯಲ್ಲಿ ಕೇಳಿದ.

ರಬ್ಬರ್ ಚಪ್ಪಲಿ, ಎಂದೆ. ಶಾಕ್ ಹೊಡೆಯಬಾರದೆಂದು ಮನೆಯೊಳಗೂ ಹಾಕಿಕೊಂಡೇ ಕೂರುತ್ತಿದ್ದೆ. ಅವ್ವನಿಂದ ಅದಕ್ಕೆ ಬೈಸಿಕೊಂಡದ್ದೂ ಇತ್ತು.

"ಆಣಿ ಆಈಚ್ಯಾ ಪಾಯಾತ್?" ಎಂದ. ಅವ್ವನ ಕಾಲಲ್ಲಿ?

 ಬರಿಗಾಲು, ಒರೆಸಿದ ಹಸಿ ಶಹಾಬಾದಿ ಕಲ್ಲಿನ ನೆಲ. ಮುದುಕ ಉಳಿದದ್ದನ್ನು ಬಿಡಿಸಿ ಹೇಳಿದ. ಟ್ರಾನ್ಸ್‌ಫಾರ್ಮರ್ ಸೋರುತ್ತಿದೆ. ಆ ಕರೆಂಟು ಅರ್ಥಿಂಗ್ ತಂತಿಗೆ ಹೋಗಬೇಕು, ಹೋಗುತ್ತಿಲ್ಲ. ನಿನ್ನ ಅವ್ವನ ಮೈಯಿಂದ ನೆಲಕ್ಕೆ ಇಳಿಯುತ್ತಿದೆ, ಅದಕ್ಕೇ ಸದ್ದು ಅಡಗುತ್ತದೆ. ಇನ್ನೊಂದಿಷ್ಟು ಹೆಚ್ಚು ಸೋರಿದ ದಿನ ಆಕೆಯ ಕೈ ಡಬ್ಬಿಗೆ ಅಂಟಿಕೊಳ್ಳುತ್ತದೆ.

ದೀಪ ಹಚ್ಚುವ ಹೊತ್ತಾಗಿತ್ತು. ಪೇಠೆಯ ಗದ್ದಲದಲ್ಲಿ ಸೈಕಲ್ಲು ಹೇಗೆ ತುಳಿದೆನೋ ನೆನಪಿಲ್ಲ. ಅವ್ವ ತಾನೇ ಟೇಪು ಹಚ್ಚಿಕೊಂಡು, ಕೈಯಿಟ್ಟು, ಕಣ್ಣು ಮುಚ್ಚಿ ನಿಂತಿದ್ದಳು. ಅಪ್ಪ ಮಾತಾಡುತ್ತಿದ್ದ. ನಾನು ಗೋಡೆಯ ಪ್ಲಗ್ಗನ್ನು ಕಿತ್ತೆಸೆದೆ.

ಮರುದಿನ ಟ್ರಾನ್ಸ್‌ಫಾರ್ಮರ್ ಬದಲಿಸಿದೆ. ಅಪ್ಪನ ಅಕ್ಷರವನ್ನು ಬ್ಲೇಡಿನಿಂದ ಕೆರೆದೆ. ಕೆಳಗೆ ಬೆಳ್ಳಗೆ ತಗಡು ಕಂಡಿತು. ತಂತಿಯನ್ನು ಅದರ ಮೇಲೆ ಬಿಗಿದೆ. ಹಚ್ಚಿದರೆ ಒಂದಿಷ್ಟೂ ಗುಂಯ್ ಇಲ್ಲ. ಅಪ್ಪ ಕೆಮ್ಮುವ ಮೊದಲು ಎಳೆದುಕೊಂಡ ಉಸಿರು ಕೂಡ ಕೇಳುತ್ತಿತ್ತು. ಗೆದ್ದೆನೆಂದು ಅವ್ವನನ್ನು ಕರೆದು ಮಂಚದ ಮೇಲೆ ಕೂರಿಸಿದೆ.

"ಇನ್ನ ಕೈ ಇಡೂದು ಬ್ಯಾಡವ್ವಾ. ಇಷ್ಟ ದಿನಾ ನಿನ್ನ ಮೈಯಾಗ ಕರೆಂಟು ಹರೀತಿತ್ತು," ಎಂದೆ.

"ಗೊತ್ತಿತ್ತು," ಎಂದಳು. "ಮೊದಲನೇ ದಿನಾನ ಮೊಳಕೈ ತನಕಾ ಜಗ್ಗಿತ್ತು."

"ಮತ್ತ ನನ್ನ ಮುಂದ ಯಾಕ ಹೇಳಲಿಲ್ಲ?"

"ಹೇಳಿದ್ರ ನೀ ಬಂದ್ ಮಾಡ್ತಿದ್ದಿ."

ಟೇಪಿನಲ್ಲಿ ಅಪ್ಪ ಏನೋ ಹೇಳಿ ನಕ್ಕ. ಅವ್ವ ಆ ಕಡೆ ನೋಡಲಿಲ್ಲ, ತನ್ನ ಅಂಗೈ ನೋಡಿಕೊಳ್ಳುತ್ತಿದ್ದಳು.

"ಇವತ್ತ ಅವರು ನನ್ನೂ ಕರಕೊಂಡು ಹೋಗ್ತಾರ, ಇವತ್ತ ಕರಕೊಂಡು ಹೋಗ್ತಾರ ಅಂತ ದಿನಾ ಹಲ್ಲು ಕಚ್ಚಿ ನಿಲ್ತಿದ್ನೆಪಾ."