ಕಾಂಡಿ ಮಷೀನಿನ ಮುಂದೆ ರಸಾಯನಶಾಸ್ತ್ರ

"ಏಳು ಅಂದ್ರ ಸಣ್ಣದೋ, ದೊಡ್ಡದೋ?"

ಸಾರಿಕಾ ಯಾರನ್ನೂ ಕೇಳುತ್ತಿಲ್ಲ. ಇಚಲಕರಂಜಿಯ ಶಹಾಪುರದ ಈ ಶೆಡ್ಡಿನಲ್ಲಿ ಬೆಳಗಿನ ಐದೂವರೆಗೆ ಇಪ್ಪತ್ತು ಮಗ್ಗಗಳು ಒಟ್ಟಿಗೆ ಬಡಿಯುತ್ತಿರುವಾಗ ಪಕ್ಕದಲ್ಲಿದ್ದವರ ಮಾತೂ ಕಿವಿಗೆ ಬೀಳುವುದಿಲ್ಲ. ಅವರ ಬಗ್ಗೆ ಬರೆಯಲು ಬಂದು ತೀರ ಹತ್ತಿರ ನಿಂತಿದ್ದಕ್ಕೆ ನನಗೆ ಸಿಕ್ಕಿತು, ಅಷ್ಟೆ. ಅವರ ಕೈ ಮಾತ್ರ ನಿಂತಿಲ್ಲ. ನೂಲು ತುಂಬಿದ ಕಡ್ಡಿ ತೆಗೆಯುತ್ತದೆ, ಬರಿದಾದದ್ದನ್ನು ಸಿಕ್ಕಿಸುತ್ತದೆ, ಕಡಿದ ಎಳೆಯನ್ನು ಹುಡುಕಿ ಗಂಟು ಹಾಕುತ್ತದೆ. ಮಷೀನಿನ ಮೈಮೇಲೆ ಚಾಕ್‌ಪೀಸಿನಲ್ಲಿ ಸೊನ್ನೆಯಿಂದ ಹದಿನಾಲ್ಕರವರೆಗೆ ಬರೆದಿದ್ದಾರೆ. ಏಳರ ಸುತ್ತ ಒಂದು ಗುಂಡು ಗೆರೆ.

ಲಾಳಿಯೊಳಗೆ ಕೂರುವ ನೂಲಿನ ಕಡ್ಡಿಗೆ ಇಲ್ಲಿ ಕಾಂಡಿ ಎನ್ನುತ್ತಾರೆ. ಅದಕ್ಕೆ ನೂಲು ಸುತ್ತಿ ಕೊಡುವುದು ಸಾರಿಕಾರ ಕೆಲಸ. ಹದಿಮೂರು ವರ್ಷದಿಂದ ಇದೇ. ಬೆಳಿಗ್ಗೆ ಐದರಿಂದ ಹತ್ತು, ಮತ್ತೆ ಸಂಜೆ ಆರರಿಂದ ಒಂಬತ್ತು. ದಿನಕ್ಕೆ ಎಂಟುನೂರು ಕಾಂಡಿ ಆಗಲೇಬೇಕು. ನಡುವಿನ ಹೊತ್ತಿನಲ್ಲಿ ಬಸ್ಸು ಹಿಡಿದು ಕೊಲ್ಹಾಪುರದ ಕಾಲೇಜಿಗೆ ಹೋಗುತ್ತಾರೆ. ಮೂವತ್ತೆರಡನೇ ವಯಸ್ಸಿನಲ್ಲಿ ಪರಿಸರ ವಿಜ್ಞಾನದ ಪದವಿಗೆ ಸೇರಿದ್ದಾರೆ. ಮೊದಲ ವರ್ಷದ ಉಳಿದೆಲ್ಲ ವಿಷಯ ಪಾಸಾಗಿವೆ. ರಸಾಯನಶಾಸ್ತ್ರ ಎರಡು ಸಲ ಹೋಗಿದೆ. ಈ ಸಲವೂ ಹೋದರೆ ಮುಂದಿನ ವರ್ಷದ ಬಾಗಿಲು ಮುಚ್ಚಿದಂತೆ. ಪರೀಕ್ಷೆಗೆ ಕೂರಬೇಕಾದರೂ ಈ ಶನಿವಾರದೊಳಗೆ ಪ್ರಯೋಗಗಳನ್ನು ಬರೆದಿಡುವ ಜರ್ನಲ್ಲಿಗೆ ಸರ್ ಅವರ ಸಹಿ ಬೀಳಬೇಕು.

ಪಕ್ಕದ ಮಷೀನಿನ ಅಕ್ಕವ್ವ ಅರವತ್ತು ದಾಟಿದವರು. ಚಹಾದ ಹೊತ್ತಿಗೆ ಮಗ್ಗ ನಿಂತಾಗ ನನ್ನ ಕಡೆ ತಿರುಗುತ್ತಾರೆ. "ಕಾಲೇಜಿಗೆ ಹೋಗಿ ನೀರ ಅಳೀತಾಳಂತ್ರಿ ಇಕಿ. ಮೊದಲ ನಮ್ಮ ಓಣಿಗೆ ನೀರ ಬರಲಿ, ಆಮ್ಯಾಲ ಅಳೀಲಿ."

ಸಾರಿಕಾ ನಗುತ್ತಾರೆ. ಈ ಓದಿಗೆ ಕಾರಣ ಅವರ ಅಪ್ಪ ಗುಂಡು. ಕುರಿ ಕಾಯುತ್ತ ಕರ್ನಾಟಕದ ಕಡೆಯಿಂದ ಬಂದು ನಾಂದಣಿಯ ಹತ್ತಿರ ನೆಲೆ ನಿಂತ ಮನೆತನ. ಇವತ್ತಿಗೂ ಅಪ್ಪನ ಹಿಂದೆ ಎಪ್ಪತ್ತು ಕುರಿಗಳಿವೆ. ಹಳ್ಳದ ನೀರಿನಲ್ಲಿ ನೊರೆ ಬಂದ ದಿನವೂ ಕುರಿಗಳು ಕುಡಿದವಂತೆ, ಆರಾಮಾಗಿಯೇ ಇದ್ದವಂತೆ. ಇನ್ನೊಂದು ದಿನ ನೀರು ಕನ್ನಡಿಯ ಹಾಗೆ ತಿಳಿಯಾಗಿತ್ತು. ಒಂದು ಕುರಿಯೂ ಬಾಯಿ ಹಾಕಲಿಲ್ಲ. ಯಾಕೆ ಎಂದು ಅಪ್ಪ ಮಗಳನ್ನು ಕೇಳಿದರು, ಹನ್ನೆರಡನೇ ಇಯತ್ತೆ ಸೈನ್ಸ್ ಓದಿದವಳಲ್ಲವೇ ಎಂದು. ಮಗಳು ಆ ಪ್ರಶ್ನೆಯನ್ನು ಮನೆಗೆ ಹೊತ್ತು ತಂದರು. ಗಂಡ ಕೇದಾರಿ ಅದೇ ಶೆಡ್ಡಿನಲ್ಲಿ ಮಗ್ಗ ನಡೆಸುತ್ತಾರೆ. ಉತ್ತರ ಗೊತ್ತಿರುವವರು ಯಾರಾದರೂ ಕಾಲೇಜಿನಲ್ಲಿ ಇದ್ದೇ ಇರುತ್ತಾರೆ, ಹೋಗಿ ಕೇಳಿಕೊಂಡು ಬಾ ಎಂದರಂತೆ. ಕೇಳಲು ಹೋದವರು ಹೆಸರು ಹಚ್ಚಿ ಬಂದರು.

ಅಲ್ಲಿಂದ ಗೊಂದಲ ಶುರು. ಪುಸ್ತಕ ಇಂಗ್ಲಿಷಿನಲ್ಲಿದೆ, ಸರ್ ಬಿಡಿಸಿ ಹೇಳುವುದು ಮರಾಠಿಯಲ್ಲಿ, ತಲೆ ಯೋಚಿಸುವುದು ಮನೆಯ ಕನ್ನಡದಲ್ಲಿ. ಮೂಲಧಾತುಗಳ ಹೆಸರನ್ನು ಮಾತ್ರ ಆರತಿಯ ಧಾಟಿಗೆ ಕೂರಿಸಿ ಬಾಯಿಪಾಠ ಮಾಡಿದ್ದಾರೆ. ನನ್ನ ಮುಂದೆ ಒಮ್ಮೆ ಹೇಳಿದರು. ಹೈಡ್ರೋಜನ್‌ನಿಂದ ಆರ್ಗಾನ್‌ವರೆಗೆ ಎಲ್ಲಿಯೂ ತಾಳ ತಪ್ಪಲಿಲ್ಲ. ಕೇಳುತ್ತ ನನ್ನ ಕೈಗಳು ತಾವಾಗಿ ಮುಗಿದಿದ್ದವು. ಅರ್ಥ ಮಾತ್ರ ಇಬ್ಬರಿಗೂ ಅಷ್ಟಕ್ಕಷ್ಟೆ.

ನೀರಿನ ಹುಳಿ ಅಳೆಯುವ ಪಿಎಚ್ ಅಂಕಿ ಸೊನ್ನೆಯಿಂದ ಹದಿನಾಲ್ಕರವರೆಗೆ, ಏಳು ಅದರ ನಡು; ಸಂಖ್ಯೆ ಇಳಿದಷ್ಟೂ ಹುಳಿ ಏರುತ್ತದೆ. ತರಗತಿಯ ಹುಡುಗಿಯರಿಗೆಲ್ಲ ಇದು ತಲೆಕೆಳಗಾಗಿ ಕಂಡರೆ ಸಾರಿಕಾರಿಗೆ ಒಂದೇ ಏಟಿಗೆ ಹೊಳೆಯಿತು. ನೂಲಿನ ದಪ್ಪ ಹೇಳುವ ಕೌಂಟೂ ಹೀಗೇ ಅಲ್ಲವೇ? ಇಪ್ಪತ್ತನೇ ನಂಬರಿನ ನೂಲು ದಪ್ಪ, ನಾಲ್ವತ್ತು ತೆಳು, ಅರವತ್ತು ಇನ್ನೂ ತೆಳು. ತಮಗೆ ಹದಿಮೂರು ವರ್ಷದಿಂದ ಗೊತ್ತಿದ್ದ ಲೆಕ್ಕ ಎಂದು ಖುಷಿಪಟ್ಟರು. ಟೆಸ್ಟಿನಲ್ಲಿ ಪಿಎಚ್ ಮೂರರಿಂದ ಆರಕ್ಕೆ ಹೋದರೆ ಹುಳಿ ಎಷ್ಟು ಇಳಿಯುತ್ತದೆ ಎಂದು ಕೇಳಿದ್ದರು. ಇಪ್ಪತ್ತರ ನೂಲಿಗೆ ಹೋಲಿಸಿದರೆ ನಾಲ್ವತ್ತರ ನೂಲು ಅರ್ಧ ತೂಕ. ಅದೇ ಪ್ರಕಾರ "ಅರ್ಧ" ಎಂದು ಬರೆದು ಬಂದರು. ಉತ್ತರ ಅರ್ಧವಲ್ಲ, ಸಾವಿರದಲ್ಲೊಂದು ಪಾಲು.

ತಪ್ಪನ್ನು ಬಿಡಿಸಿದವಳು ಪ್ರಾಜಕ್ತಾ. ಗಡಹಿಂಗ್ಲಜದ ಹತ್ತೊಂಬತ್ತರ ಹುಡುಗಿ, ಪ್ರಯೋಗಾಲಯದಲ್ಲಿ ಸಾರಿಕಾರ ಜತೆಗಾರ್ತಿ. ಕಾಲೇಜಿನ ಮೆಟ್ಟಿಲ ಮೇಲೆ ಕೂರಿಸಿಕೊಂಡು, ಒಂದೊಂದು ಅಂಕಿಗೂ ಹತ್ತು ಪಟ್ಟು ಎಂದು ಮೂರು ಮಧ್ಯಾಹ್ನ ಹೇಳಿಕೊಟ್ಟಳು.

"ಅಂದ್ರ ಒಂದ ಮೆಟ್ಲ ಇಳದ್ರ ಹತ್ತ ಮೆಟ್ಲ ಇಳದಂಗೇನ? ಹಂಗಾರ ಕಾಲ ಎಲ್ಲಿ ಇಡೂದ ನಾ?" ಎಂದು ಸಾರಿಕಾ ಕೇಳಿದರಂತೆ. ಹೇಳುವಾಗ ಈಗಲೂ ಹುಬ್ಬು ಗಂಟಿಕ್ಕುತ್ತದೆ. ನನಗೂ ಎರಡು ಸಲ ಬಿಡಿಸಿ ಹೇಳಿದರು. ತಿಳಿದಂತಾಯಿತು, ಬಸ್‌ಸ್ಟ್ಯಾಂಡ್ ಬರುವಷ್ಟರಲ್ಲಿ ಮತ್ತೆ ಕಲಸಿಹೋಯಿತು.

ಶುಕ್ರವಾರ ಮಧ್ಯಾಹ್ನ ಕೊಲ್ಹಾಪುರದಲ್ಲಿ ಜರ್ನಲ್ಲಿನ ಕೊನೆಯ ಪ್ರಯೋಗ: ನೀರಿನ ಗಡಸುತನ. ನಾಲ್ವರ ತಂಡಕ್ಕೆ ಒಂದೇ ಬಾಟಲಿ ನೀರು. ಮೇಲಿನ ಗಾಜಿನ ನಳಿಗೆಯಿಂದ ದ್ರಾವಣವನ್ನು ಹನಿಹನಿಯಾಗಿ ಬಿಡಬೇಕು; ಕೆಳಗಿನ ನೀರು ಕೆಂಪಿನಿಂದ ನೀಲಿಗೆ ತಿರುಗುವ ಹನಿಗೆ ನಿಲ್ಲಿಸಿ, ಎಷ್ಟು ಮಿಲಿಲೀಟರ್ ಇಳಿಯಿತೆಂದು ಅಂಕಿ ಓದಬೇಕು. ಪ್ರಾಜಕ್ತಾ ಸೇರಿ, ಸಾರಿಕಾ ಬಿಟ್ಟು ಉಳಿದ ಮೂವರು ಒಂದು ಸಲ ಮಾಡಿ ನೋಡಿದ್ದಾರೆ, ಬಣ್ಣ ಸರಿಯಾಗಿ ಸಿಕ್ಕಿಲ್ಲ. ಹೋದ ವರ್ಷದವರ ಜರ್ನಲ್ಲಿನಲ್ಲಿದ್ದ ಹತ್ತು ಪಾಯಿಂಟ್ ಎರಡನ್ನೇ ಇಳಿಸಿಕೊಂಡಿದ್ದಾರೆ. ಎಲ್ಲರೂ ಹೀಗೇ ಮಾಡುವುದು ಎಂದು ಪ್ರಾಜಕ್ತಾ ನನಗೆ ಸಂಕೋಚದಿಂದಲೇ ಹೇಳುತ್ತಾಳೆ.

ಸಾರಿಕಾ ಇನ್ನೂ ಬಗ್ಗಿ ನಿಂತಿದ್ದಾರೆ. ಬಿಳಿ ನೂಲಿನ ರಾಶಿಯಲ್ಲಿ ಮಾಸಲು ಬಿಳಿಯನ್ನು ಹೆಕ್ಕಿ ತೆಗೆಯುವ ಕಣ್ಣು. ಮೊದಲ ಸಲ ಹದಿನಾಲ್ಕು ಪಾಯಿಂಟ್ ಆರು. ಎರಡನೇ ಸಲ ಹದಿನಾಲ್ಕು ಪಾಯಿಂಟ್ ಏಳು. ಮೂರನೇ ಸಲ ಮತ್ತೆ ಹದಿನಾಲ್ಕು ಪಾಯಿಂಟ್ ಆರು. ಅವರ ಮುಖದಲ್ಲಿ ಗೆದ್ದ ಕಳೆಯಿಲ್ಲ. ನಳಿಗೆಯನ್ನು ನೋಡುತ್ತಾರೆ, ಬಾಟಲಿಯನ್ನು ನೋಡುತ್ತಾರೆ, ಎಲ್ಲಿ ಎಡವಿದೆನೋ ಎಂದು ಪುಸ್ತಕ ತಿರುವುತ್ತಾರೆ.

ಪ್ರಾಜಕ್ತಾ ಹತ್ತಿರ ಬರುತ್ತಾಳೆ. ಒಂದೇ ನೀರಿಗೆ ಎರಡು ಅಂಕಿ ಕಂಡರೆ ಸರ್ ನಾಲ್ವರಿಗೂ ಮತ್ತೊಮ್ಮೆ ಮಾಡಲು ಹೇಳುತ್ತಾರೆ. ನಾಳೆ ಪ್ರಯೋಗಾಲಯ ತೆರೆಯುವುದಿಲ್ಲ. ನಾಲ್ವರ ಸಹಿಯೂ ತಪ್ಪುತ್ತದೆ ಎನ್ನುತ್ತಾಳೆ.

"ಅಕ್ಕಾ, ಕೈ ಮುಗೀತೀನಿ, ಹತ್ತು ಪಾಯಿಂಟ್ ಎರಡ ಬರೀ. ನಾ ನಿನಗ ಇಷ್ಟ ದಿವಸ ಕಲಿಸಿಲ್ಲೇನ? ನನಗೋಸ್ಕರ ಬರೀ."

ಸಾರಿಕಾ ಅವಳ ಜೋಡಿಸಿದ ಕೈ ಬಿಡಿಸಿ ತಮ್ಮ ಕೈಯಲ್ಲಿ ಹಿಡಿಯುತ್ತಾರೆ.

"ನಂದ ತಪ್ಪ ಇರಬಹುದು. ಯಾಕ ಹಿಂಗ ಬರಾಕತ್ತೈತಿ ಅಂತ ನನಗೂ ತಿಳೀವಲ್ದು. ಖರೆ, ನೀರ ನೀಲಿ ಆಗಿದ್ದು ಹದಿನಾಲ್ಕರ ಮ್ಯಾಲ. ಮೂರ ಸಲ ನೋಡೇನಿ. ಹೋದ ವರ್ಷದ ನೀರಲ್ಲ ಇದು, ಪ್ರಾಜಕ್ತಾ. ಬರಿಯೂದಿಲ್ಲ ನಾ."