ಮಾವಶಿಯ ಜಾರುವ ಷಡ್ಜ

ಸುಶೀಲಾ ಮಾವಶಿ ಒಂದು ವರ್ಷ ಹಾಡದೇ ಇದ್ದದ್ದು ನನ್ನಿಂದ. ವಯಸ್ಸಿನಿಂದಲ್ಲ, ದಮ್ಮಿನಿಂದಲ್ಲ — ನನ್ನಿಂದ. ಅವಳ ದನಿಯನ್ನು ಕಂಪ್ಯೂಟರಿನಲ್ಲಿ ತಿದ್ದಿ, ತಿದ್ದಿದ್ದನ್ನು ಮುಚ್ಚಿಟ್ಟವನು ನಾನು.

ಮಂದಿಯ ದನಿ ತೆಗೆದು ಅಣಕಿಸುವ ಮಂಗ್ಯಾ ಅಂತ ಮನೆಯಲ್ಲಿ ನನಗೆ ಹೆಸರು. ಅಪ್ಪನ ಕೆಮ್ಮು, ಎಸ್‌ಟಿ ಬಸ್ಸಿನ ಕಂಡಕ್ಟರನ ಮರಾಠಿ, ಕನ್ನಡಿ ಮುಂದೆ ನಿಂತ ನನ್ನದೇ ಗತ್ತು — ಯಾರನ್ನೂ ಬಿಟ್ಟವನಲ್ಲ. ಆದರೆ ಮಾವಶಿಗೆ ಪೆಟ್ಟು ಬಿದ್ದದ್ದು ಅಣಕದಿಂದಲ್ಲ. ಉಪಕಾರ ಮಾಡಲು ಹೋಗಿ.

ತೊಂಬತ್ತೆಂಟರಲ್ಲಿ ಸೋಲಾಪುರದ ಒಂದು ಕ್ಯಾಸೆಟ್ ಸ್ಟುಡಿಯೋದಲ್ಲಿ ರೆಕಾರ್ಡಿಂಗ್ ಕೆಲಸಕ್ಕಿದ್ದೆ. ಮಾಲಕರು ಪುಣೆಯಿಂದ ಹೊಸ ಕಂಪ್ಯೂಟರ್ ತಂದಿದ್ದರು. ಅದರಲ್ಲಿ ತಪ್ಪಿದ ಸ್ವರವನ್ನು ಎಳೆದು ಜಾಗಕ್ಕೆ ಕೂಡಿಸುವ ಸಾಫ್ಟ್‌ವೇರ್. ಅಕ್ಕಲಕೋಟೆಯಿಂದ ಅವ್ವನ ತಂಗಿ ಸುಶೀಲಾ ಮಾವಶಿಯನ್ನು ಒತ್ತಾಯಿಸಿ ಕರೆಸಿ, ಒಬ್ಬಳನ್ನೇ ಕೂಡಿಸಿ ಭಜನೆ ಹಾಡಿಸಿದೆ.

ಮೇಲಿನ ಷಡ್ಜ ಮಾವಶಿಗೆ ನಿಲ್ಲುತ್ತಿರಲಿಲ್ಲ. ತುಸು ಜಾರುತ್ತಿತ್ತು. ಊರಲ್ಲಿ ಗುರುವಾರದ ಭಜನೆಯಲ್ಲಿ ಅವಳು ಜಾರಿದ ಕೂಡಲೇ ಹಿಂದೆ ಕೂತ ಹೆಂಗಸರು ಸಾಲನ್ನು ಎತ್ತಿಕೊಳ್ಳುತ್ತಿದ್ದರು — ಅದೇ ಅವರಿಗೆ ಸನ್ನೆ. ನನಗಿದು ಗೊತ್ತಿತ್ತು. ಆ ಜಾರುವುದನ್ನೇ ಅಣಕಿಸಿ ಎಷ್ಟೋ ಸಲ ಅವಳನ್ನು ನಗಿಸಿದವನು. ಆದರೂ ಅವಳು ಬಸ್ ಹತ್ತಿದ ಮೇಲೆ — ತಿದ್ದಿದೆ. ಎಂಟು ಕಡೆ. ಷಡ್ಜ ಕಂಬ ನೆಟ್ಟ ಹಾಗೆ ನಿಂತಿತು.

ನಾನು ಒಯ್ದು ಕೊಟ್ಟ ಕ್ಯಾಸೆಟ್ ಕೇಳಿ ಮಾವಶಿ ಕಣ್ಣೊರೆಸಿಕೊಂಡಳು. "ಇದು ನಾನೇನೋ?"

"ಮತ್ಯಾರು, ನಾನೇನ?" ಅಂದೆ, ಅವಳದೇ ದನಿ ತೆಗೆದು. ಇಬ್ಬರೂ ನಕ್ಕೆವು. ನಿಜ ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಬೇಕಿತ್ತೇ — ನಗಿಸಿ ದಾಟಿಬಿಟ್ಟೆ.

ಆಮೇಲೆ ಪ್ರತಿ ಗುರುವಾರ ಆ ಕ್ಯಾಸೆಟ್ಟಿನ ಷಡ್ಜಕ್ಕಾಗಿ ಹೆಣಗಿದಳಂತೆ. ಜಾರಬಾರದೆಂದು ಬಿಗಿಹಿಡಿದರೆ ಕೆಮ್ಮು. ಹಿಂದಿನವರಿಗೆ ಎಲ್ಲಿ ಎತ್ತಿಕೊಳ್ಳಬೇಕೆಂದೇ ತಿಳಿಯದು. ಮೂರು ತಿಂಗಳಿಗೆ ತಾಳವನ್ನು ಗೂಟಕ್ಕೆ ನೇತುಹಾಕಿ, "ನನ್ನ ದನಿ ಹೋತು," ಅಂದಳಂತೆ. ಅವ್ವ ಇದನ್ನು ಹೇಳಿದಾಗ ನಾನು ಊಟಕ್ಕೆ ಕೂತಿದ್ದೆ. ರೊಟ್ಟಿ ಗಂಟಲಲ್ಲಿ ಇಳಿಯಲಿಲ್ಲ ಅಂತ ಬರೆದರೆ ಚೆಂದ ಕಾಣುತ್ತದೆ, ಆದರೆ — ಇಳಿಯಿತು. ಇನ್ನೊಂದು ಕೇಳಿ ಹಾಕಿಸಿಕೊಂಡೆ. ಒಂದು ವರ್ಷ ಬಾಯಿ ಬಿಡಲಿಲ್ಲ. ಊರಿನವರ ದನಿಯೆಲ್ಲ ಬರುವ ಬಾಯಿ.

ಕೊನೆಗೆ ಅಕ್ಕಲಕೋಟೆಗೆ ಹೋದೆ. ಮಾವಶಿ ಶೇಂಗಾ ಹುರಿಯುತ್ತಿದ್ದಳು. ಕಂಪ್ಯೂಟರ್, ಎಂಟು ಕಡೆ, ನನ್ನ ಸುಮ್ಮನಿರುವಿಕೆ — ಎಲ್ಲ ಹೇಳಿದೆ. ಅವಳು ಒಲೆ ಆರಿಸಿದಳು.

"ನಾ ಹ್ಯಾಂಗ ಹಾಡತಿದ್ದೆ, ಮಾಡಿ ತೋರ್ಸು."

ಅಣಕಿಸಲು ಜನ್ಮದಲ್ಲಿ ಮೊದಲ ಸಲ ನಾಚಿಕೆಯಾಯಿತು. ಹಾಡಿದೆ. ಮೇಲೆ ಹೋದೆ, ಜಾರಿದೆ. ಅಲ್ಲಿ — ಆ ಹೆಂಗಸರು ಎತ್ತಿಕೊಳ್ಳುತ್ತಿದ್ದ ಜಾಗದಲ್ಲೇ — ಮಾವಶಿ ಸಾಲನ್ನು ಎತ್ತಿಕೊಂಡಳು. ಕೊನೆಯವರೆಗೆ ಹಾಡಿದಳು. ತಪ್ಪಾಯಿತು ಅನ್ನಲು ನಾನು ಬಾಯಿ ತೆರೆಯುವಷ್ಟರಲ್ಲಿ ತಲೆಗೊಂದು ಮೊಟಕಿ ಅಂದಳು:

"ಮಂಗ್ಯಾ, ನೀ ಅಣಕಿಸಿದಾಗರ ಅದರಾಗ ನಾ ಇರತಿದ್ದೆ. ಛಲೋ ಮಾಡಾಕ ಹೋಗಿ ನನ್ನ ತಗದು ಹೊರಗ ಇಟ್ಟಿ ನೋಡು."