ಪೆನ್‌ಡ್ರೈವ್ ಹಿಡಿದು ಅಂಗಡಿ ಅಂಗಡಿ

ನನ್ನ ಹಳೇ ಲ್ಯಾಪ್‌ಟಾಪ್ ಪ್ರಾಣ ಬಿಡುವುದಕ್ಕೆ ಆ ಬುಧವಾರವನ್ನೇ ಆರಿಸಿಕೊಂಡಿತು. ಬ್ಯಾಟರಿ ಪೂರಿಯ ಹಾಗೆ ಉಬ್ಬಿ ಕೀಲಿಮಣೆಯನ್ನೇ ಮೇಲಕ್ಕೆತ್ತಿತ್ತು. ಮುಂದಿನ ಸೋಮವಾರ ಬೆಳಿಗ್ಗೆ ನನ್ನದೊಂದು ಪರೀಕ್ಷಾ ಪಾಠವಿತ್ತು. ಹಳ್ಳಿ ಶಾಲೆಗಳ ಮಕ್ಕಳಿಗೆ ಕಂಪ್ಯೂಟರ್ ಮೂಲಕ ಕನ್ನಡದಲ್ಲೇ ಗಣಿತ ಹೇಳಿಕೊಡುವ ಒಂದು ಸಂಸ್ಥೆಯವರು ನನ್ನ ಪಾಠ ನೋಡಿ, ಒಪ್ಪಿಗೆಯಾದರೆ ತೆಗೆದುಕೊಳ್ಳುತ್ತೇವೆ ಎಂದಿದ್ದರು. ಫೋನು ಸಾಲದು, ಕಂಪ್ಯೂಟರೇ ಬೇಕು, ಪಾಠದ ಜೊತೆಗೆ ಟೀಚರ್ ಮುಖವೂ ಮಕ್ಕಳಿಗೆ ಕಾಣಲೇಬೇಕು ಎಂಬುದು ಅವರ ಷರತ್ತು.

ನಾನು ಶಿಡ್ಲಘಟ್ಟದ ಒಂದು ಖಾಸಗಿ ಶಾಲೆಯಲ್ಲಿ ವರ್ಷಗಟ್ಟಲೆ ಗಣಿತ ಕಲಿಸಿದವಳು. ಕನ್ನಡ ಮಾಧ್ಯಮಕ್ಕೆ ಮಕ್ಕಳು ಬರುವುದಿಲ್ಲವೆಂದು ಹೋದ ವರ್ಷ ಆ ವಿಭಾಗವನ್ನೇ ಮುಚ್ಚಿದರು. ಅಂದಿನಿಂದ ಮೇಲೂರಿನ ಮನೆಯಲ್ಲಿ ಅಮ್ಮನ ಜೊತೆ ಹಿಪ್ಪುನೇರಳೆ ಸೊಪ್ಪು ಕೊಯ್ಯುತ್ತ, ರೇಷ್ಮೆಹುಳುಗಳಿಗೆ ಹಾಕುತ್ತ ಇದ್ದೆ. ಹುಳುಗಳು ಒಳ್ಳೆಯವು, ಹೇಳಿದ್ದನ್ನು ಕೇಳುತ್ತವೆ, ಗಲಾಟೆ ಮಾಡುವುದಿಲ್ಲ. ಆದರೆ ನನಗೆ ಗಲಾಟೆಯೇ ಬೇಕಿತ್ತು. ಮತ್ತೆ ಮಕ್ಕಳ ಮುಂದೆ ನಿಲ್ಲಬೇಕೆಂಬ ಆಸೆ ಹಸಿವಿನ ಹಾಗೆ ಹತ್ತಿಕೊಂಡಿತ್ತು.

ಇಷ್ಟು ಅವಸರವಿದ್ದರೆ ಅಂಗಡಿಗೆ ಹೋಗಿ ಕೊಟ್ಟದ್ದನ್ನು ತರಬಾರದೇ ಎಂದು ಯಾರಾದರೂ ಕೇಳುತ್ತಾರೆ. ತರಬಹುದಿತ್ತು. ಆದರೆ ನಾನು ಲ್ಯಾಪ್‌ಟಾಪ್ ನಡೆಸುವ ಲಿನಕ್ಸ್ ಎಂಬ ಪುಕ್ಕಟೆ ಸಿಸ್ಟಮ್ಮಿನ ರುಚಿ ಹತ್ತಿದವಳು. ಲಾಕ್‌ಡೌನಿನ ಕಾಲದಲ್ಲಿ ಪಾಠದ ನಡುವೆ ನನ್ನ ಲ್ಯಾಪ್‌ಟಾಪು ಅಪ್‌ಡೇಟ್ ಆಗುತ್ತಿದ್ದೇನೆ, ನನ್ನನ್ನು ಆರಿಸಬೇಡಿ ಎಂದು ನೀಲಿ ಪರದೆ ತೋರಿಸಿ ಕೂತುಬಿಡುತ್ತಿತ್ತು. ನನ್ನ ಮನೆಯಲ್ಲಿ, ನನ್ನ ಕರೆಂಟಿನಲ್ಲಿ, ನನಗೇ ಅಪ್ಪಣೆ. ಸಿಟ್ಟು ನೆತ್ತಿಗೇರಿ, ಅದರಲ್ಲಿದ್ದ ಸಿಸ್ಟಮ್ಮನ್ನೇ ಅಳಿಸಿ, ಇಂಟರ್ನೆಟ್ಟಿನಲ್ಲಿ ಓದಿಕೊಂಡು ಲಿನಕ್ಸ್ ಹಾಕಿದೆ. ತೆವಳುತ್ತಿದ್ದ ಯಂತ್ರ ಎದ್ದು ಓಡಾಡತೊಡಗಿತು. ಅದಾದ ಮೇಲೆ ನಾನು ಬೇರೆ ಸಿಸ್ಟಂ ಮುಟ್ಟಿಲ್ಲ.

ಒಂದೇ ತೊಡಕು. ಎಲ್ಲ ಲ್ಯಾಪ್‌ಟಾಪುಗಳಿಗೂ ಲಿನಕ್ಸ್ ಒಗ್ಗುವುದಿಲ್ಲ. ಒಂದರಲ್ಲಿ ವೈಫೈ ಸಿಗುವುದಿಲ್ಲ, ಇನ್ನೊಂದರಲ್ಲಿ ಸದ್ದು ಹೊರಡುವುದಿಲ್ಲ, ಮತ್ತೊಂದು ಮಲಗಿದರೆ ಏಳುವುದಿಲ್ಲ. ಅದಕ್ಕೆ ನಾನು ಲಿನಕ್ಸ್ ತುಂಬಿದ ಪೆನ್‌ಡ್ರೈವ್ ಒಂದನ್ನು ಬ್ಯಾಗಿಗೆ ಹಾಕಿಕೊಂಡು ಹೊರಟೆ. ಅದನ್ನು ಸಿಕ್ಕಿಸಿದರೆ ಲ್ಯಾಪ್‌ಟಾಪಿನೊಳಗಿನ ಏನನ್ನೂ ಮುಟ್ಟದೆ ಲಿನಕ್ಸ್ ಶುರುವಾಗುತ್ತದೆ, ಒಗ್ಗುತ್ತದೋ ಇಲ್ಲವೋ ಅಲ್ಲೇ ಗೊತ್ತಾಗುತ್ತದೆ. ನಮ್ಮ ಶಿಡ್ಲಘಟ್ಟದ ಮಾರುಕಟ್ಟೆಯಲ್ಲಿ ರೇಷ್ಮೆಗೂಡನ್ನು ಕೈಗೆ ತೆಗೆದುಕೊಂಡು, ಅಮುಕಿ, ಕಿವಿಯ ಹತ್ತಿರ ಅಲ್ಲಾಡಿಸಿ ನೋಡದೆ ಯಾರೂ ಬೆಲೆ ಕೂಗುವುದಿಲ್ಲ. ಲ್ಯಾಪ್‌ಟಾಪಿಗೂ ಅದೇ ನ್ಯಾಯ ಎಂದು ನನ್ನ ಲೆಕ್ಕ.

ಗುರುವಾರ ಬೆಳಿಗ್ಗೆ ಮೊದಲು ಹೋದ ಚಿಕ್ಕಬಳ್ಳಾಪುರದ ಅಂಗಡಿಯವರ ಲೆಕ್ಕ ಬೇರೆ ಇತ್ತು. ಪೆನ್‌ಡ್ರೈವ್ ಹೊರಗೆ ತೆಗೆದದ್ದೇ ತಡ, ಹಾವು ಕಂಡವರ ಹಾಗೆ ಹಿಂದೆ ಸರಿದರು.

"ಅದನ್ನೆಲ್ಲ ಸಿಕ್ಕಿಸ್ಬೇಡಿ ಮೇಡಂ, ವೈರಸ್ ಬರ್ತದೆ."

"ಲಿನಕ್ಸಪ್ಪ ಇದು. ವೈರಸ್ ಅಲ್ಲ."

"ಯಾವ್ದೋ ಒಂದು. ನೀವು ಮೊದ್ಲು ತಗೊಂಡ್ಹೋಗಿ, ಮನೇಲಿ ಏನ್ ಬೇಕಾದ್ರೂ ಮಾಡ್ಕೊಳ್ಳಿ."

ಸಿಟ್ಟಿನಲ್ಲಿ ಪೆನ್‌ಡ್ರೈವನ್ನು ಬ್ಯಾಗಿಗೆ ತುರುಕಿ ಹೊರಬಂದೆ.

ಅದೇ ಮಧ್ಯಾಹ್ನ ಚಿಂತಾಮಣಿಗೆ ಹೋದೆ. ಆ ಅಂಗಡಿಯ ಯಜಮಾನರು ಅರ್ಧ ತೆಲುಗು, ಅರ್ಧ ಕನ್ನಡದಲ್ಲಿ ಧಾರಾಳವಾಗಿ ಬರಮಾಡಿಕೊಂಡರು. "ರಂಡಿ ರಂಡಿ, ಬನ್ನಿ ಮೇಡಂ, ಕೂತ್ಕೊಳಿ, ಏನ್ ಬೇಕೋ ನೋಡ್ಕೊಳಿ" ಎಂದು ಕಾಫಿಯನ್ನೂ ತರಿಸಿದರು. ಪೆನ್‌ಡ್ರೈವ್ ಸಿಕ್ಕಿಸಿದೆ. ಲಿನಕ್ಸ್ ಬಂತು, ವೈಫೈ ಮಾತ್ರ ಬರಲೇ ಇಲ್ಲ. ಪಕ್ಕದಲ್ಲಿದ್ದ ಇನ್ನೊಂದರಲ್ಲಿ ವೈಫೈ ಬಂತು, ಆದರೆ ಬಾಣದ ಗುರುತು ಪರದೆಯ ತುಂಬ ಮಿಡತೆಯ ಹಾಗೆ ಎಗರಾಡಿತು. ಯಜಮಾನರಿಗೆ ನನಗಿಂತ ಹೆಚ್ಚು ಬೇಜಾರಾಯಿತು. "ನಿಮ್ ಪೆನ್‌ಡ್ರೈವ್‌ಗೆ ನಮ್ ಅಂಗಡಿ ನಚ್ಚಲೇದು ಮೇಡಂ" ಎಂದರು. ಇಷ್ಟವಾಗಲಿಲ್ಲ ಎಂದು ಅದರ ಅರ್ಥ. ಕಾಫಿ ಚೆನ್ನಾಗಿತ್ತು ಎಂದು ಹೇಳಿ ಬಂದೆ, ನಿಜಕ್ಕೂ ಚೆನ್ನಾಗಿತ್ತು.

ಶುಕ್ರವಾರ ಗೌರಿಬಿದನೂರು. ಬಸ್ ನಿಲ್ದಾಣದಿಂದ ಸ್ವಲ್ಪ ದೂರದಲ್ಲಿದ್ದ ಒಂದು ಸಣ್ಣ ಅಂಗಡಿ, ಅದನ್ನು ನಡೆಸುವವಳು ನನ್ನ ವಯಸ್ಸಿನ ಹೆಂಗಸು. ಪೆನ್‌ಡ್ರೈವ್ ನೋಡಿ, "ಓ, ಲಿನಕ್ಸಾ, ಹಾಕಿ ಹಾಕಿ" ಎಂದು ಪ್ರದರ್ಶನಕ್ಕಿಟ್ಟಿದ್ದ ಒಂದನ್ನು ನನ್ನ ಕಡೆ ತಳ್ಳಿದಳು. ವೈಫೈ ಬಂತು. ಸದ್ದು ಬಂತು. ಪರದೆಯ ಬೆಳಕು ಏರಿತು, ಇಳಿಯಿತು. ಮುಚ್ಚಳ ಮುಚ್ಚಿದರೆ ಮಲಗಿತು, ತೆರೆದರೆ ಎದ್ದಿತು. ಕ್ಯಾಮೆರಾ ಒತ್ತಿದರೆ, ಬಸ್ಸಿನ ಗಾಳಿಗೆ ಕೂದಲು ಕೆದರಿ ನಿಂತ ನನ್ನ ಮುಖ. ಅಂಥ ಅವತಾರ ನೋಡಿಯೂ ನನಗೆ ಅಷ್ಟು ಸಂತೋಷವಾದದ್ದು ಅದೇ ಮೊದಲು. ಅದೇ ಮಾಡೆಲ್ಲಿನ ಹೊಸ ಡಬ್ಬವನ್ನು ತಂದುಕೊಟ್ಟಳು, ಮಡಿಲಲ್ಲಿಟ್ಟುಕೊಂಡೇ ಊರಿಗೆ ಬಂದೆ.

ಹೊಸ ಯಂತ್ರ ನಮ್ಮ ಮನೆಗೆ ಬಂದರೆ ಮೊದಲು ಅಮ್ಮನ ಕೈಗೆ ಹೋಗಬೇಕು. ಮುಚ್ಚಳ ತೆಗೆಸಿ, ಮುಂದೆ ಕೂತು, ಅರಿಶಿನ ಹಚ್ಚಿ ಕುಂಕುಮ ಇಟ್ಟು, ಊದುಬತ್ತಿ ಬೆಳಗಿದಳು. ನೀರು ತೊಟ್ಟಿಕ್ಕುವ ಹೂವನ್ನು ಕೀಲಿಗಳ ಮೇಲೆ ಇಡಲು ಹೋದಾಗ ನಾನು ಅಡ್ಡ ಬಂದೆ. ಕೊಂಚ ಮುನಿಸಿನಿಂದಲೇ ಹೂವನ್ನು ಚಾರ್ಜರಿಗೆ ಮುಡಿಸಿದಳು.

ಶನಿವಾರ ಲಿನಕ್ಸ್ ಹಾಕಿದೆ, ಬೆಣ್ಣೆಯಲ್ಲಿ ಕೂದಲು ತೆಗೆದಷ್ಟು ಸಲೀಸಾಗಿ ಮುಗಿಯಿತು. ಭಾನುವಾರ ಬೆಳಿಗ್ಗೆ ಪಾಠದ ತಾಲೀಮು ಮಾಡೋಣವೆಂದು ಕ್ಯಾಮೆರಾ ತೆರೆದರೆ, ಕತ್ತಲೆ. ಪಕ್ಕದ ಪುಟ್ಟ ದೀಪವೇನೋ ಉರಿಯುತ್ತಿತ್ತು, ಪರದೆಯಲ್ಲಿ ಮಾತ್ರ ಕೆಂಪು ಮಿಶ್ರಿತ ಕಪ್ಪು.

ಒಂದೇ ಮಾಡೆಲ್ ಆದರೂ ಕೆಲವೊಮ್ಮೆ ಒಳಗಿನ ಬಿಡಿಭಾಗ ಬೇರೆ ಕಂಪನಿಯದಿರುತ್ತದೆ ಎಂದು ಎಲ್ಲೋ ಓದಿದ್ದೆ. ನಾನು ಅಲ್ಲಾಡಿಸಿ ನೋಡಿದ ಗೂಡೇ ಬೇರೆ, ಮನೆಗೆ ತಂದ ಗೂಡೇ ಬೇರೆ ಎಂದುಕೊಂಡೆ. ದೂರದ ದೇಶಗಳಲ್ಲಿ ಕೂತವರು ಇಂಟರ್ನೆಟ್ಟಿನಲ್ಲಿ ಹೇಳಿದ ಮದ್ದನ್ನೆಲ್ಲ ಮಾಡಿದೆ. ಉದ್ದುದ್ದ ಆದೇಶಗಳನ್ನು ಟೈಪಿಸಿದೆ, ಆರಿಸಿದೆ, ಹೊತ್ತಿಸಿದೆ. ಅಮ್ಮ ಮುದ್ದೆ ಉಣ್ಣಲು ಕರೆದಾಗ ಸಿಡುಕಿದೆ. ಸಂಜೆಯ ಹೊತ್ತಿಗೆ ಸೋತುಹೋದೆ. ಲಿನಕ್ಸ್ ಹಟವನ್ನು ಬಿಟ್ಟು, ಅಂಗಡಿಯವರು ಕೊಟ್ಟದ್ದನ್ನು ತಂದಿದ್ದರೆ ನಾಳೆ ಮಕ್ಕಳ ಮುಂದೆ ಇರುತ್ತಿದ್ದೆನಲ್ಲ ಎಂದು ಅಳುವೇ ಬಂತು. ಪಾಠ ಮುಂದೂಡಿ ಎಂದು ಕೇಳಿದರೆ ಮೊದಲ ದಿನವೇ ನೆಪ ಹೇಳುವವಳು ಅನ್ನುತ್ತಾರೆ.

ಸೋಮವಾರ ಬೆಳಿಗ್ಗೆ ಕೊನೆಯದಾಗಿ ಒಂದು ಸಲ ನೋಡೋಣವೆಂದು ಕ್ಯಾಮೆರಾ ತೆರೆದು, ಆ ಕತ್ತಲೆಯ ಮುಂದೆ ಗಲ್ಲಕ್ಕೆ ಕೈಯಿಟ್ಟು ಕೂತಿದ್ದೆ. ಅಮ್ಮ ಪೂಜೆ ಮುಗಿಸಿ ಕುಂಕುಮದ ಬಟ್ಟಲು ಹಿಡಿದು ಬಂದಳು.

"ಸರ್ಕೋ ಸ್ವಲ್ಪ. ಇವತ್ತು ಮೊದ್ಲ ಪಾಠ, ಹಳೇದು ಒರ್ಸಿ ಹೊಸಾದು ಇಡ್ತೀನಿ."

ಸೆರಗಿನ ಒದ್ದೆ ತುದಿಯಿಂದ ಪರದೆಯ ಮೇಲಂಚಿನ ನಡುವೆ ತಿಕ್ಕಿದಳು. ಕತ್ತಲೆ ಸರಿಯಿತು. ಪರದೆಯ ತುಂಬ ಮೊದಲು ಒಂದು ಹೆಬ್ಬೆರಳು, ಆಮೇಲೆ ಒಂದು ಮೂಗು, ಮೂಗುತಿ, ಕೊನೆಗೆ ಅಮ್ಮನ ಇಡೀ ಮುಖ ಮೂಡಿತು. ನಾನು ಬಾಯಿ ಬಿಟ್ಟುಕೊಂಡು ನೋಡುತ್ತಿರುವಾಗಲೇ ಕುಂಕುಮ ಮೆತ್ತಿದ ಬೆರಳೊಂದು ದೊಡ್ಡದಾಗುತ್ತ ಮತ್ತೆ ಅಲ್ಲಿಗೇ ಬರತೊಡಗಿತು.

"ಅಮ್ಮಾ, ತಡಿ!"

ಅಮ್ಮ ಬೆರಳನ್ನು ಗಾಳಿಯಲ್ಲೇ ನಿಲ್ಲಿಸಿದಳು. ಕ್ಯಾಮೆರಾದ ಕಣ್ಣು ಅಲ್ಲೇ ಇರುವುದು, ಕುಂಕುಮ ಅದನ್ನೇ ಮುಚ್ಚಿತ್ತು ಎಂದು ಹೇಳಿದೆ. ಪರದೆಯಲ್ಲಿದ್ದ ತನ್ನನ್ನೇ ಒಂದು ಗಳಿಗೆ ನೋಡಿದಳು.

"ಪರದೆ ಅಂದ್ರೆ ಅದರ ಮುಖ ಅಲ್ವೇನೇ? ಅದಕ್ಕೆ ಹಣೆಗೆ ಇಟ್ಟೆ. ಹಣೇಲಿ ಕಣ್ಣು ಇಟ್ಟವ್ರೆ ಅಂತ ನಂಗೇನಮ್ಮ ಗೊತ್ತು?"

ಅಮ್ಮನನ್ನು ಅನ್ನಲು ನನಗೆ ಬಾಯಿಲ್ಲ. ಇಡೀ ಭಾನುವಾರ ಆ ಕುಂಕುಮ ನನ್ನ ಮುಖದ ಎದುರಿಗೇ ಇತ್ತು. ಮಿಕ್ಸಿ, ಫ್ರಿಜ್, ಸ್ಕೂಟಿ, ಮೋಟಾರಿನ ಸ್ಟಾರ್ಟರ್ ಎಲ್ಲದರ ಮೇಲೂ ಇರುವಂಥದ್ದು, ಇದರ ಮೇಲೂ ಇತ್ತು. ನಮ್ಮ ಮನೆಯಲ್ಲಿ ಅದು ಇಲ್ಲದಿದ್ದರೆ ಕಣ್ಣಿಗೆ ಬೀಳುತ್ತಿತ್ತೇನೋ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು, ಹುಳುಗಳಿಗೆ ಬೆಳಗಿನ ಸೊಪ್ಪು ತಡವಾಯಿತು.

ಹೇಳಿದ ಹೊತ್ತಿಗೆ ಪರದೆಯ ಚೌಕಗಳಲ್ಲಿ ಮಕ್ಕಳು ಬಂದರು. ಒಬ್ಬ ಪಕ್ಕದವನನ್ನು ತಳ್ಳುತ್ತಿದ್ದ, ಒಬ್ಬಳು ಪೆನ್ಸಿಲ್ ಕಚ್ಚುತ್ತಿದ್ದಳು. ಎಲ್ಲರೂ ಒಟ್ಟಿಗೆ "ನಮಸ್ತೇ ಮಿಸ್" ಎಂದು ಕಿರುಚಿದರು. ನಾನೂ ಅಷ್ಟೇ ಜೋರಾಗಿ ನಮಸ್ತೇ ಎಂದೆ. ಒಂದು ಮಗು ಕೈಯೆತ್ತಿತು. "ಮಿಸ್, ನೀವ್ಯಾಕೆ ಹಳದಿ ಹಳದಿ ಕಾಣ್ತಾ ಇದೀರಾ?"

ಒರೆಸಿದರೂ ಕ್ಯಾಮೆರಾದ ಮೇಲೆ ಅರಿಶಿನದ ಕಲೆ ಉಳಿದಿತ್ತು. "ನಮ್ಮಮ್ಮ ನಂಗೆ ಅರಿಶಿನ ಹಚ್ಚಿ ಕಳ್ಸಿದಾರೆ ಕಣಮ್ಮ" ಎಂದೆ. ಗೊಳ್ಳೆಂದು ನಕ್ಕರು. ಆ ಗಲಾಟೆಯಲ್ಲೇ ಭಿನ್ನರಾಶಿ ಶುರು ಮಾಡಿದೆ, ಒಂದು ಒಬ್ಬಟ್ಟನ್ನು ನಾಲ್ಕು ಜನಕ್ಕೆ ಹಂಚಿದೆ, ಜಗಳ ಬಿಡಿಸಿದೆ, ಹೊತ್ತು ಹೋದದ್ದೇ ತಿಳಿಯಲಿಲ್ಲ.

ಕೊನೆಯಲ್ಲಿ ಪೆನ್ಸಿಲ್ ಕಚ್ಚುವ ಹುಡುಗಿ ಕೇಳಿದಳು, "ಮಿಸ್, ನಾಳೆನೂ ಬರ್ತೀರಾ?"

ಅದಕ್ಕೆ ಉತ್ತರ ಹೇಳಬೇಕಾದವರು ಮೂಲೆಯ ಚೌಕದಲ್ಲಿ ಕೂತು ಪಾಠ ನೋಡುತ್ತಿದ್ದ ಸಂಸ್ಥೆಯ ಮೇಡಂ. ಅವರು ಬಾಯಿ ತೆರೆಯುವ ಮೊದಲೇ ನನ್ನ ಬೆನ್ನ ಹಿಂದಿನಿಂದ, ಸೊಪ್ಪಿನ ಬುಟ್ಟಿ ಸೊಂಟಕ್ಕಿಟ್ಟುಕೊಂಡು ಅಮ್ಮ ಬಗ್ಗಿ ನೋಡಿ ಹೇಳಿದಳು.

"ಬರ್ತಾಳೆ ಕಣಮ್ಮ. ದಿನಾ ಬರ್ತಾಳೆ."

ಮೇಡಂ ನಕ್ಕುಬಿಟ್ಟರು. "ಸರಿ, ಅಮ್ಮನೇ ಹೇಳಿದ್ಮೇಲೆ ಆಯ್ತು" ಎಂದರು.